ಗಂಧ ಹಚ್ಚಿದ ಆಂಟೆನಾ

ಆಂಟೆನಾ ಕೆಲಸದವರ ಮರ್ಯಾದೆ ಹೋಗೋಕೆ ದೊಡ್ಡ ಕಾರಣ ಬೇಕಿಲ್ಲ, ಸುಮ್ಮನೆ ಆಫೀಸಿಗೆ ಹೋಗಿ ಬಂದ್ರೂ ಸಾಕು. ಎರಡು ಸಾವಿರದ ಇಸವಿ ದಾಟಿದ ಹೊಸತು. ಕಗ್ಗದಾಸಪುರದಲ್ಲಿ ಬಾಡಿಗೆ ಮನೆ, ಪಕ್ಕದಲ್ಲೇ ಸಣ್ಣ ಕಂಪನಿ. ಜೀಪಿನ ತಲೆ ಮೇಲೆ ಉದ್ದ ಕಡ್ಡಿ ಬೇಡ, ಚಪಾತಿ ಥರ ಚಪ್ಪಟೆ ಆಂಟೆನಾ ಬೇಕು, ಅದೊಂದೇ ಎಲ್ಲಾ ಚಾನೆಲ್ ಹಿಡೀಬೇಕು ಅಂತ ಆರ್ಡರು. ಆದರೆ ತಗಡಿನ ಮೇಲೆ ಮಲಗಿಸಿದ ಆಂಟೆನಾ ಸತ್ತ ಹಾಗೇ. ತಗಡಿಗೂ ಅದಕ್ಕೂ ನಡುವೆ ಪುಟ್ಟ ಪುಟ್ಟ ತಾಮ್ರದ ಚೌಕಗಳ ಹಾಳೆ ಇಟ್ಟರೆ ಬದುಕುತ್ತೆ ಅಂತ ನಮ್ಮ ಬಾಸ್ ಹಟ. ದಸರಾ ಮುಗಿದ ಕೂಡಲೇ ಗಿರಾಕಿ ಕಡೆಯ ಸಾಹೇಬರು ನೋಡೋಕೆ ಬರೋರಿದ್ದರು.

"ಅವರು ಒಪ್ಪದಿದ್ರೆ ಪ್ರಾಜೆಕ್ಟ್ ಬಂದ್. ನಮ್ಮಿಬ್ಬರ ಕೆಲಸಾನೂ ಬಂದ್ ಕಣಯ್ಯಾ" ಅಂದರು ಬಾಸ್.

೧. ಉಪಕಾರ

ಹಾಳೆ ಮಾಡೋಕೆ ಶಿವಾಜಿನಗರದ ಒಬ್ಬ ವರ್ಕ್‌ಶಾಪಿನವರಿಗೆ ಕೊಟ್ಟಿದ್ದೆ. ಚೌಕಗಳು ಒಂದಕ್ಕೊಂದು ತಾಗಬಾರದು, ನಡುವಿನ ಸಂದಿಯೇ ನಮ್ಮ ಪ್ರಾಣ. ತರೋಕೆ ಹೋದರೆ ಅವರ ಮುಖ ತುಂಬಾ ನಗು.

"ನಿಮ್ದು ಡ್ರಾಯಿಂಗಲ್ಲಿ ಒಂದಕ್ಕೂ ಕನೆಕ್ಷನ್ನೇ ಇಲ್ಲ ಭಾಯ್! ಪಾಪ, ಮರ್ತಿದ್ದೀರಾ ಅಂತ ನಾನೇ ಎಲ್ಲಾ ಜೋಡ್ಸಿಬಿಟ್ಟೆ."

ನನಗೆ ಅಳು ಬಂತು. ಅವರು ಅದನ್ನ ಆನಂದಬಾಷ್ಪ ಅಂದ್ಕೊಂಡು ಚಾಯ್ ತರಿಸಿದರು.

೨. ಹೊಗಳಿಕೆ

ಕೆಟ್ಟ ಹಾಳೆ ಮನೆಗೆ ತಂದೆ. ಮಾರನೇ ದಿನ ಮನೆ ಓನರ್ ಆಂಟಿ ಅದರ ಮೇಲೆ ಬಿಸಿ ಸಾರಿನ ಪಾತ್ರೆ ಇಟ್ಟಿದ್ದರು. "ಇಷ್ಟು ದಿನ ಏನ್ ಕೆಲ್ಸ ಮಾಡ್ತೀರೋ ಗೊತ್ತೇ ಇರ್ಲಿಲ್ಲ ಕಣ್ರೀ. ಚೆನ್ನಾಗಿದೆ, ನಮ್ಮ ತಂಗಿಗೂ ಒಂದು ಮಾಡ್ಕೊಡಿ."

೩. ಆಯುಧಪೂಜೆ

ಎರಡನೇ ಹಾಳೆ ಸರಿಯಾಗೇ ಬಂತು. ಆಂಟೆನಾ ಬದುಕಿತು, ಆದರೆ ಅರ್ಧ ಚಾನೆಲ್ಲಿಗೇ ಸುಸ್ತು. ಅಷ್ಟರಲ್ಲಿ ಆಯುಧಪೂಜೆ. ಬಾಸ್ ದಿಕ್ಕು ತೋಚದೆ ಆಂಟೆನಾಗೆ ದಪ್ಪಗೆ ಗಂಧ ಬಳಿದು, ಕುಂಕುಮ ಇಟ್ಟು, ಮುಂದೆ ಬೂದುಗುಂಬಳಕಾಯಿ ಒಡೆದರು. ತಡೀಲಾರದೆ ಹಾಗೇ ಮೀಟರಿಗೆ ಹಾಕಿ ನೋಡಿದರೆ, ಅಬ್ಬಬ್ಬಾ, ಎಲ್ಲಾ ಚಾನೆಲ್ಲೂ ಹಿಡಿದಂತೆ ತೋರಿಸ್ತಿದೆ!

"ಸಾರ್, ಒದ್ದೆ ಗಂಧ ಸಿಗ್ನಲ್ಲೆಲ್ಲಾ ಕುಡೀತಿದೆ. ಮೀಟರಲ್ಲಿ ಚೆಂದ, ಆಚೆಗೆ ಏನೂ ಹೋಗ್ತಿಲ್ಲ" ಅಂದೆ.

"ದೇವರು ಕೊಟ್ಟಿದ್ದನ್ನ ಅಳತೆ ಮಾಡ್ಬೇಡ, ಸುಮ್ನಿರು!"

ಸಾಹೇಬರು ಬರೋ ದಿನ ಹೊಸ ತಲೆನೋವು. ಗಂಧ ಒಣಗಿದರೆ ಚಾನೆಲ್ಲೂ ಒಣಗ್ತಿತ್ತು. ಹಾಗಾಗಿ ಬಾಸ್ ಬೆಳಿಗ್ಗೆಯಿಂದ ಟೈ ಹೆಗಲ ಮೇಲೆ ಹಾಕ್ಕೊಂಡು ಗಂಧ ತೇಯ್ತಾ ಕೂತಿದ್ದರು.

ಸಾಹೇಬರು ಮೀಟರ್ ನೋಡಿ ತಲೆದೂಗಿದರು. ಆಮೇಲೆ ಆಂಟೆನಾ ಮುಟ್ಟಿ ಕೇಳಿದರು, "ಇದೇನ್ರೀ ಮೇಲೆ?"

"ಸ್ಪೆಷಲ್ ಕೋಟಿಂಗ್ ಸಾರ್."

ಸಾಹೇಬರು ಬೆರಳು ಮೂಸಿದರು. ಬಾಸ್‌ನ ಅಂಗೈಗೆ ಅಂಟಿದ್ದ ಗಂಧಾನೂ ನೋಡಿದರು. ಅವರು ನಿಧಾನವಾಗಿ ಆ ಬೆರಳನ್ನ ತಮ್ಮ ಹಣೆಗೆ ಒರೆಸಿಕೊಂಡು, ಕಣ್ಣುಮುಚ್ಚಿ ಕೈ ಮುಗಿದರು.

"ಇನ್ನಾರು ತಿಂಗಳು ಕೊಡ್ತೀನಿ. ತೊಳೆದು ತೋರ್ಸಿ. ಇಲ್ಲಾಂದ್ರೆ ಒಂದೊಂದು ಜೀಪಿಗೂ ಡ್ರೈವರ್ ಪಕ್ಕ ಒಬ್ಬ ಪೂಜಾರೀನ ಕೂರಿಸ್ಬೇಕಾಗುತ್ತೆ ಕಣ್ರೀ!"