ತೇಗದ ಚೌಕಟ್ಟಿನಲ್ಲಿ ದೊಡ್ಡಮ್ಮನ ಟ್ಯಾಬ್

ಷಡ್ಡಕನ ಮೇಲಿನ ಸಿಟ್ಟು ಮೇಸ್ತ್ರಿಗೆ ಇನ್ನೂ ಇಳಿದಿಲ್ಲ. ಇಳಿಯುವ ಲಕ್ಷಣವೂ ಇಲ್ಲ. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ, ಬಾಯಲ್ಲಿ ತುತ್ತು ಇಟ್ಟುಕೊಂಡೇ, ಹೆಂಡತಿಯ ತಂಗಿಯ ಗಂಡನಾದ ಆ ಗುಮಾಸ್ತ ಹೇಳಿದ್ದ: "ಅಗ್ಗದ ಟ್ಯಾಬ್ ಮಾತ್ರ ತಗೋಬೇಡಿ. ಒಂದ್ಸಲ ಕೈ ಜಾರಿದ್ರೆ ಮುಗೀತು ಅದರ ಕಥೆ. ನಿಮಗೆ ಮರದ ವಿಷಯ ಗೊತ್ತು, ಇದೆಲ್ಲ ಗೊತ್ತಾಗಲ್ಲ. ನನ್ನ ಕೇಳಿ."

ಎಲ್ಲರ ಮುಂದೆ! ಅದೂ ಮೇಸ್ತ್ರಿ ಮಾಡಿದ ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡು, ಮೇಸ್ತ್ರಿ ಮಾಡಿದ ಕುರ್ಚಿಗೆ ಬೆನ್ನು ಆನಿಸಿಕೊಂಡು!

ಮೇಸ್ತ್ರಿ ಬಡಗಿ. ಶಾಲೆಯ ಬೆಂಚಿನ ಮೇಲೆ ಕೂತದ್ದು ಕಡಿಮೆ, ಶಾಲೆಗಳಿಗೆ ಬೆಂಚು ಮಾಡಿಕೊಟ್ಟದ್ದು ಹೆಚ್ಚು. ಸಿಟ್ಟು ಮಾತ್ರ ಯಾವ ಶಾಲೆಗೂ ಹೋಗದೆ ಕಲಿತದ್ದು. ಅನ್ನದ ಕೈಯನ್ನೇ ಮೇಲೆತ್ತಿ ಘೋಷಿಸಿಬಿಟ್ಟ: "ಅಂಗಡೀಲಿರೋದ್ರಲ್ಲೇ ಅಗ್ಗದ್ದು ತರ್ತೀನಿ, ನೋಡ್ತಿರಿ! ನಿಮ್ಮ ದುಬಾರಿ ಟ್ಯಾಬು ಗುಜರಿ ಸೇರಿದ ಮೇಲೂ ದೊಡ್ಡಮ್ಮಂದು ಮಿಣಮಿಣ ಅಂತಿರುತ್ತೆ!"

ಟ್ಯಾಬ್ ಬೇಕಾಗಿದ್ದುದು ದೊಡ್ಡಮ್ಮನಿಗೆ. ಮೇಸ್ತ್ರಿಯ ತಾಯಿಯ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು, ಈಗ ಅವನ ಮನೆಯಲ್ಲೇ ಇರುವವಳು. ಅವಳ ಕೊನೆಯ ತಂಗಿ, ಅಂದರೆ ಮೇಸ್ತ್ರಿಯ ಚಿಕ್ಕಮ್ಮ, ದೂರದ ಊರಿನಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಹರೆಯದಲ್ಲಿ ಇಬ್ಬರೂ ಅಮ್ಮನ ಹೊಲಿಗೆ ಮಷೀನು ಯಾರಿಗೆ ಸೇರಬೇಕೆಂದು ಜಗಳವಾಡಿದ್ದರು. "ಇನ್ನು ಈ ಜನ್ಮದಲ್ಲಿ ನಿನಗೆ ನನ್ನ ಮುಖ ತೋರಿಸಲ್ಲ!" ಎಂದು ದೊಡ್ಡಮ್ಮ ಬಾಗಿಲು ಬಡಿದುಕೊಂಡು ಬಂದಿದ್ದಳು. ಹಟ ಆ ಮನೆತನದ ಆಸ್ತಿ. ಮಷೀನಿಗಾದರೂ ಜಗಳವಾಯಿತು, ಹಟ ಮಾತ್ರ ಯಾವ ತಕರಾರೂ ಇಲ್ಲದೆ ಎಲ್ಲರಿಗೂ ಸಮಪಾಲು ಸಿಕ್ಕಿತ್ತು.

ಮುದುಕಿಯರಾದ ಮೇಲೆ ಗುಂಡಿ ಒತ್ತುವ ಫೋನಿನಲ್ಲಿ ಹೇಗೋ ಮಾತು ಶುರುವಾಯಿತು. ಅಷ್ಟರಲ್ಲಿ ಚಿಕ್ಕಮ್ಮನ ಕಣ್ಣು ಮಂಜಾಗತೊಡಗಿತು. ನರ ಒಣಗುತ್ತಿದೆ, ಇನ್ನೇನೂ ಮಾಡುವಂತಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದರು.

"ಕಣ್ಣಿರೋವಾಗ್ಲೇ ಒಂದ್ಸಲ ನಿನ್ನ ಮುಖ ನೋಡ್ಬೇಕು ಅಕ್ಕಾ," ಎಂದಿದ್ದಳು ಚಿಕ್ಕಮ್ಮ.

ಇವಳಿಗೆ ಮಂಡಿ ಮಡಚಲು ಬಾರದು, ಅವಳು ಹಾಸಿಗೆ ಬಿಟ್ಟು ಏಳಲಾರಳು. ಉಳಿದದ್ದು ಟ್ಯಾಬ್ ಒಂದೇ.

ಅಂಗಡಿಯವನು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡ ಸಣಕಲು ಮನುಷ್ಯ. ಗಾಜಿನ ಮೇಜಿನ ಮೇಲೆ ಟ್ಯಾಬ್‌ಗಳನ್ನು ಸಾಲಾಗಿ ಹರಡಿ ಪಾಠ ಒಪ್ಪಿಸುವವನಂತೆ ಶುರುಮಾಡಿದ. "ಇದರಲ್ಲಿ ಮೆಮೊರಿ ಜಾಸ್ತಿ ಸಾರ್."

"ನಮ್ಮ ದೊಡ್ಡಮ್ಮಂಗೇ ಬೇಕಾದಷ್ಟಿದೆ. ಮುಂದೆ?"

"ಇದು ತುಂಬಾ ಫಾಸ್ಟು."

"ಮಂಡಿ ನೋವಿನ ಮುದುಕಿ ಎಲ್ಲಿಗಪ್ಪಾ ಓಡ್ಬೇಕು? ಮುಂದೆ?"

"ಎರಡು ಕ್ಯಾಮೆರಾ ಸಾರ್. ಹಿಂದೊಂದು, ಮುಂದೊಂದು."

ಮೇಸ್ತ್ರಿಗೆ ಬೇಕಾಗಿದ್ದ ಹಿಡಿ ಸಿಕ್ಕಿತು. "ನೋಡು, ಅವಳು ಫೋಟೋ ತೆಗೆಯೋಕೆ ಹೊರಟಿಲ್ಲ. ತಂಗಿ ಹತ್ರ ಮುಖಕ್ಕೆ ಮುಖ ಕೊಟ್ಟು ಮಾತಾಡ್ಬೇಕು, ಅಷ್ಟೇ. ಎರಡೂ ಕ್ಯಾಮೆರಾ ಕಿತ್ತು ನೀನೇ ಇಟ್ಕೋ. ಅಷ್ಟು ದುಡ್ಡು ಕಮ್ಮಿ ಮಾಡು."

"ಇದೇನು ಸೊಪ್ಪಿನ ಕಟ್ಟಾ ಸಾರ್, ಬೇಡದ್ದು ಕಿತ್ತು ಹಾಕೋಕೆ? ಅಲ್ಲದೆ ಮುಖ ಕಾಣ್ಬೇಕು ಅಂದ್ರೆ ಆ ಮುಂದಿನ..."

"ಪರದೆ ಇದೆಯಲ್ಲ, ಕಾಣುತ್ತೆ! ನಂಗೆ ಪಾಠ ಹೇಳ್ಬೇಡ. ಎಲ್ಲಕ್ಕಿಂತ ಅಗ್ಗದ್ದು ಯಾವುದು, ಅದನ್ನ ಕಟ್ಟು."

ಅಂಗಡಿಯವನು ಅಗ್ಗದ್ದನ್ನೇ ತೆಗೆದ. ಚಿಕ್ಕಮ್ಮನ ಮಗಳ ನಂಬರು ಹಾಕಿಕೊಟ್ಟು, ಒತ್ತಬೇಕಾದ ಹಸಿರು ಬೊಟ್ಟನ್ನು ತೋರಿಸಿ ಕಳಿಸಿದ. ಮೇಸ್ತ್ರಿ ರಾಜ್ಯ ಗೆದ್ದವನಂತೆ ಮನೆಗೆ ಬಂದ.

ಟ್ಯಾಬ್ ಕೈಗೆ ಕೊಟ್ಟದ್ದೇ ತಡ, ದೊಡ್ಡಮ್ಮನ ನಡುಗುವ ಬೆರಳುಗಳಿಂದ ಅದು ಜಾರಿ, ಪುಣ್ಯಕ್ಕೆ ದಿಂಬಿನ ಮೇಲೆ ಬಿತ್ತು. "ಅಯ್ಯೋ ಮಗಾ, ಇದು ನನ್ನ ಕೈಲಿ ನಿಲ್ಲಲ್ಲಪ್ಪಾ!" ಎಂದಳು. ಮೇಸ್ತ್ರಿಯ ಕಿವಿಯಲ್ಲಿ ಷಡ್ಡಕನ ದನಿ ಗುಂಯ್‌ಗುಟ್ಟಿತು. ಒಂದ್ಸಲ ಕೈ ಜಾರಿದ್ರೆ ಮುಗೀತು! ಹಾಗೋ? ಕೈಯಲ್ಲಿ ಇದ್ದರೆ ತಾನೇ ಜಾರುವುದು!

ಒಳ್ಳೆಯ ತೇಗದ ತುಂಡು ಹೊರಬಂತು. ಮೇಸ್ತ್ರಿಗೆ ಕೆಲಸ ಕಲಿಸಿದ ಹಿರಿಯ ಬಡಗಿ ಒಂದು ಸೂತ್ರ ಹೇಳಿಕೊಟ್ಟಿದ್ದ. ಕಿಟಕಿಯಿರಲಿ, ಕನ್ನಡಿಯಿರಲಿ, ಗಾಜಿನ ನಾಲ್ಕೂ ಅಂಚಿನ ಮೇಲೆ ಹೆಬ್ಬೆರಳಗಲ ಮರ ಹತ್ತಿ ಕೂರಬೇಕು. ಆ ಸೂತ್ರದಂತೆ ಮೇಸ್ತ್ರಿ ಕೂಡಿಸಿದ ಒಂದು ಗಾಜೂ ಇಂದಿನವರೆಗೆ ಕೆಳಗೆ ಬಿದ್ದಿರಲಿಲ್ಲ. ಟ್ಯಾಬ್ ಅಂದರೂ ಗಾಜು ತಾನೇ? ನಾಲ್ಕೂ ಕಡೆ ಹೆಬ್ಬೆರಳಗಲ ಮರ ಹತ್ತಿಸಿದ. ಮೂಲೆಗಳಿಗೆ ಅಂಟು, ಅಂಟಿನ ಮೇಲೆ ಸ್ಕ್ರೂ, ಉಪ್ಪುಕಾಗದದ ಉಜ್ಜು, ಮೇಲೆ ಪಾಲಿಷು. ದೊಡ್ಡಮ್ಮನ ಮಂಚದೆದುರಿನ ಗೋಡೆಗೆ, ಅವಳು ಕೂತರೆ ಸರಿಯಾಗಿ ಮುಖಕ್ಕೆ ಬರುವಂತೆ ಬಿಗಿದ. ಚಾರ್ಜಿನ ವೈರಿಗೆ ಮಾತ್ರ ಒಂದು ತೂತು.

ಹೆಂಡತಿ ಹತ್ತಿರ ಬಂದು ನೋಡಿದಳು. "ರೀ, ಮೇಲ್ಗಡೆ ನಡುವೆ ಒಂದು ಸಣ್ಣ ಚುಕ್ಕಿ ಇತ್ತಲ್ಲ? ಮುಚ್ಚಿಹೋಯ್ತು."

"ಕಂಪನಿಯವರ ಕೆಲಸ ಹಾಗೇ ಕಣೇ, ಅಲ್ಲಲ್ಲಿ ತೂತು ಬಿಟ್ಟಿರ್ತಾರೆ. ನನ್ನ ಕೆಲಸದಲ್ಲಿ ತೂತು ಇರಲ್ಲ!"

ಸಂಜೆ ದೊಡ್ಡಮ್ಮ ಮುಖ ತೊಳೆದು, ತಲೆ ಬಾಚಿ, ಕನ್ನಡಕ ಒರೆಸಿ ಹಾಕಿಕೊಂಡು ಕೂತಳು. ಮೇಸ್ತ್ರಿ ಗಂಭೀರವಾಗಿ ಹಸಿರು ಬೊಟ್ಟನ್ನು ಒತ್ತಿದ. ತೇಗದ ಚೌಕಟ್ಟಿನೊಳಗೆ ಚಿಕ್ಕಮ್ಮ ಮೂಡಿದಳು!

"ಅಯ್ಯೋ, ಎಷ್ಟು ಸೊರಗಿದೀಯೇ!" ಎಂದು ದೊಡ್ಡಮ್ಮ ಅಳುತ್ತಲೇ ನಕ್ಕಳು.

ಚಿಕ್ಕಮ್ಮ ಕಣ್ಣು ಕಿರಿದು ಮಾಡಿ ಮುಂದೆ ಬಾಗಿದಳು. "ನೀನೆಲ್ಲಿ ಅಕ್ಕಾ? ಬರೀ ಕಪ್ಪಗಿದೆಯಲ್ಲ."

"ಇಲ್ಲೇ ಇದೀನಲ್ಲೇ, ನಿನ್ನ ಎದುರಿಗೇ!"

ಪಕ್ಕದಿಂದ ಚಿಕ್ಕಮ್ಮನ ಮಗಳ ಮುಖ ಇಣುಕಿತು. "ಅಣ್ಣಾ, ನಿಮ್ಮ ಕ್ಯಾಮೆರಾಕ್ಕೆ ಏನೋ ಅಡ್ಡ ಬಂದಿದೆ ನೋಡು."

"ಇಲ್ಲಿ ಯಾರೂ ಫೋಟೋ ತೆಗೀತಿಲ್ಲಮ್ಮಾ! ನೀವು ನಮಗೆ ಕಾಣ್ತಿದೀರಿ, ನಾವು ನಿಮಗೆ ಕಾಣಲ್ಲ ಅಂದ್ರೆ ಕೆಟ್ಟಿರೋದು ಯಾರದ್ದು? ನಿಮ್ಮದು!"

"ನಮ್ಮದರಲ್ಲಿ ಬೇರೆಯವರೆಲ್ಲ ಕಾಣ್ತಾರಲ್ಲ ಅಣ್ಣಾ..."

"ಹಾಗಾದ್ರೆ ನಿಮ್ಮೂರಿನ ನೆಟ್‌ವರ್ಕ್ ಸರಿಯಿಲ್ಲ!"

"ರೀ," ಎಂದು ಹೆಂಡತಿ ಮೆಲ್ಲನೆ ಬೆರಳು ತೋರಿಸಿದಳು, "ಈ ಮೂಲೇಲಿರೋ ಸಣ್ಣ ಕರೀ ಚೌಕ ಏನು?"

"ಅದು ಕಂಪನಿ ಮೊಹರು! ಸುಮ್ನಿರು!"

ಆ ಗಲಾಟೆಯ ನಡುವೆ ಚಿಕ್ಕಮ್ಮ ಸಣ್ಣ ದನಿಯಲ್ಲಿ ಮಗಳಿಗೆ ಅಂದಳು: "ಬಿಡೇ. ಮುಚ್ಕೊಂಡಿದಾಳೆ. ಮುಖ ತೋರಿಸಲ್ಲ ಅಂದೋಳು, ಹೇಗೆ ತೋರಿಸ್ತಾಳೆ? ಇನ್ನೂ ಕೋಪ ಆರಿಲ್ಲ ಅವಳಿಗೆ." ಹಾಗೆಂದು ಗೋಡೆಯ ಕಡೆ ಹೊರಳಿ ಮಲಗಿದಳು. ಅಗ್ಗದ್ದಾದರೂ ಪರದೆ ಒಳ್ಳೆಯದಿತ್ತು. ತಂಗಿ ಬೆನ್ನು ತಿರುಗಿಸಿದ್ದು ದೊಡ್ಡಮ್ಮನಿಗೆ ಚೆನ್ನಾಗಿಯೇ ಕಂಡಿತು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ದೊಡ್ಡಮ್ಮ ಗೋಡೆಯ ಎದುರು ಕೂತು, "ಮುಚ್ಕೊಂಡಿಲ್ಲ ಕಣೇ! ನಿನ್ನಾಣೆ!" ಎಂದು ಕೂಗುತ್ತಿದ್ದಳು. "ಹಾಗಾದ್ರೆ ತೋರಿಸು," ಎನ್ನುತ್ತಿದ್ದಳು ಚಿಕ್ಕಮ್ಮ. ಹೀಗೇ ವಾರಗಳು ಕಳೆದವು. ಆಮೇಲೆ ಅವಳು ಅಷ್ಟೂ ಅನ್ನುವುದನ್ನು ಬಿಟ್ಟಳು.

ಹೆಂಡತಿಗೆ ತಡೆಯಲಾಗಲಿಲ್ಲ. "ತಂಗಿ ಗಂಡನ ಹತ್ರ ಒಳ್ಳೇ ಫೋನಿದೆ. ಕರೆಸ್ಲಾ? ಒಂದ್ಸಲ ಮುಖ ತೋರಿಸಿ ಕಳಿಸಿಬಿಡೋಣ."

"ಅವನ ಫೋನು ಈ ಹೊಸಿಲು ದಾಟಿದ್ರೆ ನಾನು ದಾಟಿ ಹೋಗ್ತೀನಿ!"

"ಮಗಾ," ಎಂದಳು ದೊಡ್ಡಮ್ಮ, "ಅವನದ್ದಾದ್ರೇನಪ್ಪಾ? ಒಂದು ನಿಮಿಷದ ಕೆಲಸ. ಅವಳ ಕಣ್ಣು ಕಾಯಲ್ವೋ."

"ನಿಂಗೆ ಗೊತ್ತಾಗಲ್ಲ ದೊಡ್ಡಮ್ಮಾ! ತಪ್ಪು ನಮ್ಮ ಕಡೆ ಇಲ್ಲ!"

"ಆ ಚುಕ್ಕೀನೇ ಕ್ಯಾಮೆರಾ ಇರಬಹುದು ರೀ. ಚೌಕಟ್ಟು ಒಂದ್ಸಲ ತೆಗೆದು ನೋಡಿ," ಎಂದಳು ಹೆಂಡತಿ.

"ನಾನು ಕೂಡಿಸಿದ್ದನ್ನ ಇವತ್ತಿನವರೆಗೂ ಯಾರಾದ್ರೂ ತೆಗೆದದ್ದುಂಟಾ? ತೆಗೆಯೋಕೆ ಅಂತ ಕೂಡಿಸೋನು ಮೇಸ್ತ್ರಿ ಅಲ್ಲ, ಡೇರೆ ಹಾಕೋನು!"

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಮೇಸ್ತ್ರಿ ಚಪ್ಪಲಿ ಮೆಟ್ಟಿ ಅಂಗಡಿಗೆ ನುಗ್ಗಿದ.

"ಏನಯ್ಯಾ, ಅಗ್ಗದ್ದು ಕೇಳಿದೆ ಅಂತ ಕುರುಡು ಟ್ಯಾಬ್ ಕಟ್ಟಿ ಕಳಿಸಿದೀಯಾ?"

ಅಂಗಡಿಯವನು ತಾಳ್ಮೆಯಿಂದ, "ತಗೊಂಡು ಬನ್ನಿ ಸಾರ್, ನೋಡೋಣ," ಎಂದ.

"ತರೋಕಾಗಲ್ಲ. ಗೋಡೇಲಿದೆ."

"ಗೋಡೆಯಿಂದ ತೆಗೆದು ತನ್ನಿ."

"ಅದು ಬರಲ್ಲ. ತರಲೇಬೇಕು ಅಂದ್ರೆ ಗೋಡೆನೇ ತರ್ಬೇಕು!"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮೇಸ್ತ್ರಿ ಎಲ್ಲರನ್ನೂ ಒಂದು ಸುತ್ತು ಗುರಾಯಿಸಿದ. ಅಂಗಡಿಯವನು ಈ ಮನುಷ್ಯನನ್ನು ಇಲ್ಲಿಂದ ಸಾಗಿಸಿದರೆ ಸಾಕೆಂದೋ ಏನೋ, ಕನ್ನಡಕ ಕೆಳಗಿಳಿಸಿ, "ನಡೀರಿ, ನಾನೇ ಬರ್ತೀನಿ," ಎಂದು ಜೊತೆಗೆ ಹೊರಟುಬಿಟ್ಟ.

ಕೋಣೆಯಲ್ಲಿ ಅವನು ಚೌಕಟ್ಟಿನ ಮುಂದೆ ಬಹಳ ಹೊತ್ತು ನಿಂತ. ಪಾಲಿಷಿನ ಮೇಲೆ ಬೆರಳಾಡಿಸಿದ. "ಕೆಲಸ ತುಂಬಾ ಚೆನ್ನಾಗಿದೆ ಸಾರ್," ಎಂದ. ಮೇಸ್ತ್ರಿಯ ಎದೆ ಎರಡಂಗುಲ ಉಬ್ಬಿತು. ಅಂಗಡಿಯವನು ಮೇಲಿನ ಮರದ ನಟ್ಟನಡುವೆ ಬೆರಳಿಟ್ಟ. "ಕ್ಯಾಮೆರಾ ಇದರ ಕೆಳಗಿದೆ. ಇದು ಏನು ನೋಡುತ್ತೋ ಅದು ಅವರಿಗೆ ಕಾಣುತ್ತೆ. ಇಷ್ಟು ದಿನ ಇದು ನಿಮ್ಮ ತೇಗವನ್ನ ನೋಡ್ತಿದೆ."

ಉಬ್ಬಿದ ಎದೆ ಇಳಿಯುವ ಸದ್ದು ಹೆಂಡತಿಗೆ ಅಡುಗೆಮನೆಯವರೆಗೂ ಕೇಳಿಸಿರಬೇಕು. ಬಂದು ಬಾಗಿಲಲ್ಲಿ ನಿಂತಳು. ಚುಕ್ಕಿಯ ಮಾತೆತ್ತಿದ್ದರೆ ಮೇಸ್ತ್ರಿ ತಿರುಗಿ ಬೈದಾದರೂ ಉಸಿರು ಬಿಡುತ್ತಿದ್ದ.

ತೆಗೆಯುವ ಕೆಲಸ ಶುರುವಾಯಿತು. ಸ್ಕ್ರೂ ಬಿಚ್ಚಿದರೆ ಅಂಟು ಬಿಡದು. ಅಂಟಿಗೆ ಉಳಿ ಕೊಟ್ಟರೆ ಗಾಜು ಒಡೆಯುವ ಭಯ. ಗೋಡೆಯ ಗಾರೆ ಉದುರಿ ದೊಡ್ಡಮ್ಮನ ಹಾಸಿಗೆಯೆಲ್ಲ ಬೂದಿ ಎರಚಿದಂತಾಯಿತು. "ಯಾವ ಪಾಪಿ ಕೂಡಿಸಿದ್ದಯ್ಯಾ ಇದನ್ನ!" ಎಂದು ಅಭ್ಯಾಸಬಲದಿಂದ ಗದರಿದ ಮೇಸ್ತ್ರಿ, ಕೋಣೆಯಲ್ಲಿದ್ದವರೆಲ್ಲ ತನ್ನನ್ನೇ ನೋಡುತ್ತಿರುವುದನ್ನು ಕಂಡು ಸುತ್ತಿಗೆಯ ಕಡೆ ಮುಖ ತಿರುಗಿಸಿದ. ತನ್ನ ಕೆಲಸ ಇಷ್ಟು ಗಟ್ಟಿಯಾಯಿತಲ್ಲ ಎಂದು ಜೀವನದಲ್ಲಿ ಮೊದಲ ಬಾರಿಗೆ ಅವನಿಗೇ ಬೇಸರವಾಯಿತು. ಬಿಸಿಲು ಕಿಟಕಿ ದಾಟಿ ಎದುರು ಗೋಡೆ ಮುಟ್ಟುವ ಹೊತ್ತಿಗೆ ಮೇಲಿನ ಪಟ್ಟಿ ಚಟ್ಟನೆ ಸೀಳಿ ಕೈಗೆ ಬಂತು. ಅಂಗಡಿಯವನು ಟ್ಯಾಬನ್ನು ಎತ್ತಿ ಒರೆಸಿ, ದೊಡ್ಡಮ್ಮನ ಮುಂದೆ ಹಿಡಿದು ಹಸಿರು ಬೊಟ್ಟು ಒತ್ತಿದ.

ಮೂಲೆಯ ಕರೀ ಚೌಕದೊಳಗೆ ದೊಡ್ಡಮ್ಮನ ಮುಖ ಮೂಡಿತು. ಹತ್ತಿಯಂಥ ಬಿಳಿ ಕೂದಲು, ಅದರ ಮೇಲೆ ಗಾರೆಯ ಪುಡಿ. "ಅಯ್ಯಯ್ಯೋ, ಇದು ನಾನಾ! ತಡೀರಿ, ತಡೀರಿ," ಎಂದು ಅವಳು ಎರಡೂ ಕೈಯಿಂದ ತಲೆ ಒರೆಸಿಕೊಂಡಳು.

ಬಹಳ ಹೊತ್ತಿನ ಮೇಲೆ ಚಿಕ್ಕಮ್ಮನ ಮಗಳು ಎತ್ತಿದಳು. ದೊಡ್ಡಮ್ಮನನ್ನು ಕಂಡು ಏನೋ ಹೇಳಹೊರಟವಳು, ಅದನ್ನು ಬಿಟ್ಟು ಫೋನನ್ನು ಅಮ್ಮನ ಮುಂದೆ ಹಿಡಿದಳು. "ಅಮ್ಮಾ, ದೊಡ್ಡಮ್ಮ ಬಂದಿದಾರೆ. ಮುಖ ಕಾಣ್ತಿದೆ."

ಚಿಕ್ಕಮ್ಮ ಸರಕ್ಕನೆ ತಿರುಗಿದಳು. ಅವಳ ನೋಟ ಒಂದಿಷ್ಟು ಪಕ್ಕಕ್ಕೆ ಹೋಗಿ, ಅಲ್ಲೆಲ್ಲೋ ನಿಂತಿತು.

"ಕಂಡೆ, ಕಂಡೆ!" ಎಂದಳು. ಮುಖ ಅರಳಿತು. "ಇದ್ದ ಹಾಗೇ ಇದೀಯಲ್ಲ ಅಕ್ಕಾ! ಕೂದಲು ಒಂದೂ ನೆರೆತಿಲ್ಲ ನೋಡು ನಿಂದು!"

ಅವಳ ಬೆನ್ನ ಹಿಂದಿನಿಂದ ಫೋನು ಚಾಚಿ ಹಿಡಿದಿದ್ದ ಮಗಳು ಇನ್ನೊಂದು ಅಂಗೈಯನ್ನು ತನ್ನ ಕಣ್ಣಿನ ಮೇಲಿಟ್ಟು, ಇಲ್ಲವೆಂಬಂತೆ ತಲೆಯಾಡಿಸಿದಳು.

ದೊಡ್ಡಮ್ಮನ ಕೈ ತನ್ನ ಬಿಳಿ ತಲೆಯ ಮೇಲೆ ಇದ್ದಲ್ಲೇ ಇತ್ತು. "ಹೂಂ ಕಣೇ," ಎಂದಳು. "ಎಣ್ಣೆ ಹಚ್ಚೋದು ಬಿಟ್ಟಿಲ್ಲವಲ್ಲ, ಅದಕ್ಕೇ ಕಪ್ಪಗಿದೆ."

"ತೋರಿಸಿದೆಯಲ್ಲ, ಸಾಕು ಬಿಡು."

ಇನ್ನೂ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಿದರು. ಅಷ್ಟೂ ಹೊತ್ತು ಅಂಗಡಿಯವನು ಟ್ಯಾಬನ್ನು ಅಲ್ಲಾಡದಂತೆ ಹಿಡಿದಿದ್ದ. ಮಾತು ಮುಗಿದ ಮೇಲೆ ಅದನ್ನು ಮಂಚದ ಮೇಲಿಟ್ಟು, ದುಡ್ಡು ಗಿಡ್ಡು ಏನೂ ಕೇಳದೆ, ಸದ್ದಿಲ್ಲದೆ ಹೋದ.

ದೊಡ್ಡಮ್ಮ ಕನ್ನಡಕ ತೆಗೆದು ಮಡಚಿಟ್ಟಳು. ಸಿಟ್ಟಿನ ದನಿಯಾದರೂ ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು, ಚಿಕ್ಕಂದಿನಲ್ಲಿ ಅವನನ್ನು ಊಟಕ್ಕೆ ಕರೆಯುತ್ತಿದ್ದ ದನಿಯೇ.

"ಮಗಾ, ಈಗ ಬೇಕಾದ್ರೆ ನಿನ್ನ ಚೌಕಟ್ಟು ವಾಪಸ್ ಹಾಕಪ್ಪಾ. ಇನ್ನೇನೂ ತೊಂದರೆ ಇಲ್ಲ."

ತಪ್ಪಾಯಿತು ಎಂಬ ಒಂದು ಮಾತನ್ನು ಮೇಸ್ತ್ರಿ ಆಗ ಅವಳಿಗೆ ಕೊಡಬೇಕಿತ್ತು. ಬಾಯಿ ತೆರೆದದ್ದೂ ಅದಕ್ಕೇ.

"ಒಂದು ಸ್ಕ್ರೂ ಕಾಣ್ತಿಲ್ಲ," ಎಂದ. ಮಂಚದಡಿ ಬಗ್ಗಿ ಹುಡುಕತೊಡಗಿದ. ಸ್ಕ್ರೂ ಕೂಡಲೇ ಸಿಕ್ಕಿತು. ಕೊಡಬೇಕಾದ ಆ ಮಾತನ್ನು ಇವತ್ತಿಗೂ ಕೊಟ್ಟಿಲ್ಲ.