ಎರಡು ಪಂಪು ಕೂಡಿಸಿದ ಡೆಸ್ಮಂಡ್

"ನಾನು ಕೂಡಿಸಿದ ಮೇಲೆ ಮುಗೀತು, ಬ್ರಹ್ಮ ಬಂದರೂ ತಿದ್ದೋ ಹಾಗಿಲ್ಲ!" ಎಂದು ಡೆಸ್ಮಂಡ್ ಭಾನುವಾರ ಬೆಳಿಗ್ಗೆ ಗುಡುಗಿದ. ಆಸ್ಟ್ರೇಲಿಯಾದ ಟೂವೂಂಬ ಊರಿನ ಹೊರವಲಯದಲ್ಲಿದ್ದ ಅವನ ಹಿತ್ತಲಲ್ಲಿ ಹೊಸ ಈಜುಕೊಳ ಬಾಯಿ ತೆರೆದು ಒಣಗುತ್ತಿತ್ತು. ಮಧ್ಯಾಹ್ನ ಅತ್ತೆ ಬೆರಿಲ್ ಅವರ ಎಪ್ಪತ್ತನೇ ಹುಟ್ಟುಹಬ್ಬ. ಈಜಲು ನೀರಿಲ್ಲದಿದ್ದರೆ ಪಾರ್ಟಿ ಇನ್ನೊಬ್ಬ ಅಳಿಯ, ಪ್ಲಂಬರ್ ರಾಸ್‌ನ ಮನೆಗೆ ಎತ್ತಂಗಡಿ! ಆಮೇಲೆ ಡೆಸ್ಮಂಡ್ ಮುಖ ಎಲ್ಲಿಡಬೇಕು?

ಬೋರಿನ ಪಂಪು ಒಂದೇ ಸಮ ಸುರಿಯುವ ಸಾಧು. ಕೆರೆಕಟ್ಟೆಯ ಡೀಸೆಲ್ ಪಂಪು ಹಾಗಲ್ಲ. ಮೊದಲು ಕೆಮ್ಮುತ್ತದೆ, ಕಾದಂತೆಲ್ಲ ರಾಕ್ಷಸನಾಗುತ್ತದೆ. ಎಷ್ಟು ಹೊತ್ತಿಗೆ ಎಷ್ಟು ನೀರೆಂದು ಎರಡಕ್ಕೂ ಒಂದೊಂದು ಬಹುಪದೋಕ್ತಿ ಹೊಸೆದು, ಕಂಪ್ಯೂಟರಿನ ಗಣಿತದ ಲೈಬ್ರರಿಗೆ, ಅಂದರೆ ಲೆಕ್ಕ ಮಾಡುವ ಸಿದ್ಧ ಪ್ರೋಗ್ರಾಮಿಗೆ, ಕೊಟ್ಟು ಕೂಡಿಸಿದ.

"ಮಧ್ಯಾಹ್ನ ಸರಿಯಾಗಿ ಎರಡಕ್ಕೆ ತುಂಬುತ್ತೆ. ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ!"

"ಆಗಾಗ ಇಣುಕಿ ನೋಡಿದ್ರೆ ಸಾಲ್ದಾ, ಡೆಸ್?" ಎಂದಳು ಹೆಂಡತಿ ಗ್ಲೆನಿಸ್.

"ಇಣುಕೋದು ಪ್ಲಂಬರ್‌ಗಳ ಕೆಲಸ! ನಂದು ವಿಜ್ಞಾನ!"

ಪಂಪುಗಳನ್ನು ಹಚ್ಚಿ, ಬಿಯರ್ ತರಲು ಹೊರಟುಹೋದ. ಹನ್ನೆರಡಕ್ಕೆ ಮರಳಿದಾಗ ಗೇಟಿನಲ್ಲಿ ಅವನನ್ನು ಎದುರುಗೊಂಡದ್ದು ತೇಲಿಬಂದ ಒಂದು ಸಾಸೇಜು! ಹಿಂದೆಯೇ ಕುರ್ಚಿಗಳ ಮೆರವಣಿಗೆ. ಕೋಳಿಗಳು ಛಾವಣಿ ಸೇರಿದ್ದವು. ಬೇಗ ಬಂದು ಕೊಳದಲ್ಲಿ ಗಾಳಿಹಾಸಿಗೆ ಮೇಲೆ ಮಲಗಿದ್ದ ಅತ್ತೆ, ಚಹಾ ಕಪ್ಪು ಹಿಡಿದೇ ಅಡುಗೆಮನೆ ಕಿಟಕಿ ದಾಟಿ ಪಕ್ಕದ ಮನೆಯತ್ತ ಪಯಣಿಸುತ್ತಿದ್ದರು.

"ಪಂಪು ಆರಿಸೋದಲ್ವೇನೇ!"

ಊಟದ ಮೇಜಿನ ಮೇಲೆ ನಿಂತ ಗ್ಲೆನಿಸ್ ಕಿರುಚಿದಳು: "ಅಲ್ಲಿಗೆ ಹೋಗೋಕೆ ದೋಣಿ ಬೇಕು, ವಿಜ್ಞಾನಿಗಳೇ!"

ಮೊಣಕಾಲುದ್ದ ನೀರಲ್ಲಿ ಬಿದ್ದೆದ್ದು ಎರಡನ್ನೂ ಆರಿಸಿ ಬಂದು, ಕಂಪ್ಯೂಟರಿಗೆ ಒದೆಯಲು ಕಾಲೆತ್ತಿದ. ಆಗ ತೆರೆಯ ಮೇಲೆ ಕಣ್ಣು ಬಿತ್ತು. ಆ ಲೈಬ್ರರಿಗೆ ಕೊಡುವ ಅಂಕಿಗಳ ಪಂಕ್ತಿಯಲ್ಲಿ ಚಿಕ್ಕ ಘಾತದ್ದು ಮೊದಲು ಕೂರಬೇಕು, ದೊಡ್ಡದರದ್ದು ಕೊನೆಗೆ; ಮೊದಲ ಸ್ಥಾನ ಆರಂಭದಲ್ಲೇ ಇರುವ ನೀರಿಗೆ. ಬೋರನ್ನು ಸರಿಯಾಗಿಯೇ ಕೂರಿಸಿದ್ದ. ಡೀಸೆಲ್ಲನ್ನು ಮಾತ್ರ ಶಾಲೆಯ ಅಭ್ಯಾಸಬಲದಿಂದ ಹಿರಿಯರು ಮೊದಲೆಂದು ತಿರುಗಾಮುರುಗಾ ಕೂರಿಸಿದ್ದ. ಹೊತ್ತೇರಿದಂತೆ ಏರುವ ಅದರ ಅಬ್ಬರವನ್ನು ಲೈಬ್ರರಿ, ಕೊಳದ ತಳದಲ್ಲಿ ಮೊದಲೇ ಇದ್ದ ನಾಲ್ಕು ಬಕೆಟ್ ನೀರೆಂದು ತಿಳಿದಿತ್ತು!

ಅಷ್ಟರಲ್ಲಿ ರಾಸ್ ಬಂದು ಬೇಲಿಗೆ ಸಿಕ್ಕಿಕೊಂಡಿದ್ದ ಅತ್ತೆಯನ್ನು ಎಳೆದು ತಂದ. "ನಮ್ಮನೆಗೆ ನಡೀರಿ ಅತ್ತೆ, ಅಲ್ಲಿ ನೀರು ಕೊಳದೊಳಗೇ ಇರುತ್ತೆ."



"ಸುಮ್ನಿರೋ! ಎಪ್ಪತ್ತು ವರ್ಷದಲ್ಲಿ ಇಂಥಾ ಸವಾರಿ ಮಾಡಿರ್ಲಿಲ್ಲ. ಪಾರ್ಟಿ ಇಲ್ಲೇ!" ಎಂದರು ಅತ್ತೆ.

ಡೆಸ್ಮಂಡ್ ಎದೆಯುಬ್ಬಿಸಿದ. ಅತ್ತೆ ಅವನ ಒದ್ದೆ ಹೆಗಲ ಮೇಲೆ ಕೈಯಿಟ್ಟರು.

"ಆದ್ರೆ ಅಳಿಯಪ್ಪಾ, ಬರೀ ಕೂಡಿಸಿದ್ದಕ್ಕೇ ಬೀದಿ ಮುಳುಗ್ತು. ನಿನ್ ದಮ್ಮಯ್ಯ, ಗುಣಾಕಾರ ಮಾತ್ರ ಕಲೀಬೇಡ!"