ಅಳಿಯನ ಕರಪತ್ರ, ಅತ್ತೆಯ ಮೈಕು

ಜನರಿಗೆ ಬುದ್ಧಿ ಇಲ್ಲ ಎಂಬುದು ಆರೋಗ್ಯ ಶಿಕ್ಷಣಾಧಿಕಾರಿಗಳ ಬಹುಕಾಲದ ದೂರು. ಕಚೇರಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವರನ್ನು ‘ನಿಘಂಟು ಸಾಹೇಬರು’ ಎನ್ನುತ್ತಿದ್ದರು. (ಅದನ್ನವರು ಮೆಚ್ಚುಗೆ ಎಂದೇ ತಿಳಿದಿದ್ದರು.) ಒಂದೇ ಬಡಾವಣೆಯ ಹದಿನೇಳು ಮನೆಗಳಲ್ಲಿ ಡೆಂಗಿ ಜ್ವರ ಕಾಣಿಸಿಕೊಂಡಾಗ ಸಾಹೇಬರು ಮೂರು ದಿನ ಕೂತು ಕರಪತ್ರವೊಂದನ್ನು ರಚಿಸಿ ಮನೆಮನೆಗೆ ಹಂಚಿಸಿದರು. ‘ಸಂಗ್ರಹಿತ ಜಲದ ವಿಷಯದಲ್ಲಿ ಸಾರ್ವಜನಿಕರು ತೀವ್ರ ಜಾಗರೂಕತೆ ವಹಿಸತಕ್ಕದ್ದು’ ಎಂಬುದು ಅದರಲ್ಲಿದ್ದ ಅತಿ ಸುಲಭವಾದ ಸಾಲು.

ಜನ ಜಾಗರೂಕರಾದರು. ನಲ್ಲಿ ನೀರು ನಿಂತೇಹೋಗುತ್ತದೆಂದುಕೊಂಡು ಡ್ರಮ್ಮು, ಬಕೆಟ್ಟು, ಹಳೆಯ ಬೋಗುಣಿ, ಮಗುವಿನ ಸ್ನಾನದ ಟಬ್ಬು, ಎಲ್ಲದರಲ್ಲೂ ತುಂಬಿಟ್ಟುಕೊಂಡರು. ಸೊಳ್ಳೆಗಳಿಗೆ ಇದಕ್ಕಿಂತ ದೊಡ್ಡ ಹೆರಿಗೆ ಆಸ್ಪತ್ರೆ ಬೇಕೆ? ಎರಡು ವಾರದಲ್ಲಿ ಹದಿನೇಳು ಮನೆ ಮೂವತ್ತೊಂದಾಯಿತು.

“ಸೋಮವಾರದೊಳಗೆ ಜನರಿಗೆ ಅರ್ಥ ಆಗೋ ಹಾಗೆ ಬರೀರಿ. ಇಲ್ಲಾಂದ್ರೆ ನಿಮ್ಮನ್ನ ಹಳೇ ಕಡತಗಳ ಕೋಣೆಗೆ ಹಾಕ್ತೀನಿ” ಎಂದರು ಮೇಲಧಿಕಾರಿ.

ಎರಡನೆಯ ಕರಪತ್ರವನ್ನು ಸಾಹೇಬರು ಹೆಂಡತಿಗೆ ಓದಿ ಹೇಳಿದರು. ‘ಲಾರ್ವಾ ಪ್ರಸರಣಾನುಕೂಲ ಜಲಾವರಣ’ ಎಂಬಲ್ಲಿಗೆ ಬಂದಾಗ ಆಕೆ ಬಟ್ಟೆ ಮಡಚುವುದನ್ನು ನಿಲ್ಲಿಸಿದರು.

“ರೀ, ಇದು ಜನರಿಗೆ ಬರೆದಿದ್ದೋ, ಸೊಳ್ಳೆಗೆ ಸನ್ಮಾನ ಪತ್ರಾನೋ?”

“ವಿಜ್ಞಾನ ಕಣೇ ಇದು. ನಿಖರವಾಗಿರ್ಬೇಕು.”

“ನಿಖರವಾಗಿ ಏನೂ ತಿಳೀಲಿಲ್ಲ.”

ಕಿಟಕಿಯ ಬಳಿ ಕೂತಿದ್ದ ಅತ್ತೆ ಕತ್ತೆತ್ತಿದರು. ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಮೈಕು ಹಿಡಿದು ಬಸ್ಸು ಕೂಗಿ ನಿವೃತ್ತರಾದವರು. ಅವರು ಗುಟ್ಟು ಹೇಳಿದರೂ ಎರಡು ಮನೆಯಾಚೆ ಕೇಳುತ್ತದೆ.

“ಅಳಿಯಂದ್ರೇ, ಬಸ್ಸು ಎಲ್ಲಿ ನಿಂತಿದೆ, ಎಷ್ಟೊತ್ತಿಗೆ ಹೊರಡುತ್ತೆ, ಅಷ್ಟು ಹೇಳ್ಬೇಕು. ಇಂಜಿನ್ನು ಹೇಗೆ ತಿರುಗುತ್ತೆ ಅಂತ ಶುರು ಮಾಡಿದ್ರೆ ಬಸ್ಸೇ ಹೋಗಿರುತ್ತೆ.”

“ಹಾಗಲ್ಲ ಅತ್ತೆ, ಅಂಡಾವಸ್ಥೆಯಿಂದ ಪ್ರೌಢಾವಸ್ಥೆಗೆ ಏಳೆಂಟು ದಿನ ಬೇಕು. ಆದ್ದರಿಂದ ಸಾಪ್ತಾಹಿಕವಾಗಿ...”

“ಅಂದ್ರೆ ವಾರಕ್ಕೊಂದ್ಸಲ ನೀರು ಚೆಲ್ಲಿದ್ರೆ ಮರಿಗೆ ರೆಕ್ಕೆ ಬರೋಕೆ ಮುಂಚೇನೇ ಕಥೆ ಮುಗೀತು?”

“ಹೂಂ. ಆದ್ರೆ ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿರ್ತವೆ.”

“ಹಾಗಾದ್ರೆ ತಿಕ್ಕಬೇಕು. ಇದನ್ನ ಹೇಳೋಕೆ ನಾಲ್ಕು ಪುಟ ಯಾಕೆ?”

ಹೆಂಡತಿ ಸದ್ದಿಲ್ಲದೆ ಮೊಬೈಲಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿದರು. ಅತ್ತೆ ಗಂಟಲು ಸರಿಮಾಡಿಕೊಂಡು, “ದಯವಿಟ್ಟು ಗಮನಿಸಿ! ಭಾನುವಾರ ಬೆಳಿಗ್ಗೆ ಡ್ರಮ್ಮು, ಬಕೆಟ್ಟು, ಹೂಕುಂಡದ ತಟ್ಟೆ, ಎಲ್ಲದರ ನೀರು ಚೆಲ್ಲಿ. ಒಳಗೆ ಚೆನ್ನಾಗಿ ತಿಕ್ಕಿ. ಹೊಸ ನೀರು ತುಂಬಿದ್ರೆ ಮುಚ್ಚಳ ಹಾಕಿ. ಪ್ರತಿ ವಾರ!” ಎಂದು ಕೂಗಿ ಮುಗಿಸಿದರು.

ಕೊನೆಯಲ್ಲಿ ತಮ್ಮ ಹುದ್ದೆಯನ್ನಾದರೂ ಸೇರಿಸಬೇಕೆಂದು ಸಾಹೇಬರು ಬೇಡಿಕೊಂಡರು.

“ಮೂವತ್ತು ವರ್ಷದಲ್ಲಿ ಡ್ರೈವರ್ ಯಾರು ಅಂತ ಒಂದ್ಸಲಾನೂ ಕೂಗಿಲ್ಲ ಅಳಿಯಂದ್ರೇ.”

ಮೇಲಧಿಕಾರಿ ಅದನ್ನು ಎರಡು ಸಲ ಕೇಳಿ, ಇಲಾಖೆಯ ಜೀಪಿಗೆ ಧ್ವನಿವರ್ಧಕ ಕಟ್ಟಿಸಿದರು. ಜನರ ಸಂದೇಹ ಪರಿಹರಿಸಲು ಜೊತೆಗೆ ಹೋಗಬೇಕೆಂದು ಸಾಹೇಬರಿಗೆ ಆದೇಶವಾಯಿತು. ಆ ಭಾನುವಾರ ಬೀದಿ ಬೀದಿಯಲ್ಲಿ ಬ್ರಷ್ಷಿನ ಸದ್ದು. ತಿಂಗಳು ಕಳೆಯುವಷ್ಟರಲ್ಲಿ ಜ್ವರದ ಮನೆಗಳು ನಾಲ್ಕಕ್ಕೆ ಇಳಿದವು. ಸಾಹೇಬರಿಗೆ ನಿಜಕ್ಕೂ ಸಂತೋಷವಾಯಿತು, ಹೊಟ್ಟೆಯೂ ಸ್ವಲ್ಪ ಉರಿಯಿತು.

ಐದನೆಯ ಭಾನುವಾರ ಕೊನೆಗೂ ಒಬ್ಬ ಗೃಹಿಣಿ ಜೀಪು ನಿಲ್ಲಿಸಿ ಕೇಳಿದರು: “ಸಾರ್, ಫ್ರಿಜ್ಜಿನ ಹಿಂದೆ ನೀರು ನಿಲ್ಲುತ್ತಲ್ಲ, ಅದನ್ನೂ ಚೆಲ್ಲಬೇಕಾ?”

ಸಾಹೇಬರು ಎದ್ದು ನಿಂತು ಅಂಗಿ ಸರಿಪಡಿಸಿಕೊಂಡರು. “ನೋಡಿ ತಾಯಿ, ಶೀತಲೀಕರಣ ಯಂತ್ರದ ಪೃಷ್ಠಭಾಗದಲ್ಲಿ ಸಂಚಯಿತವಾಗುವ ಜಲವು...”

ಆಕೆ ತಾಳ್ಮೆಯಿಂದ ಎರಡು ನಿಮಿಷ ಕೇಳಿಸಿಕೊಂಡು ಡ್ರೈವರ್ ಕಡೆ ತಿರುಗಿದರು.

“ಅಣ್ಣಾ, ಇವರು ಸ್ವಲ್ಪ ಸುಮ್ನಿರ್ಲಿ. ಆ ಅಮ್ಮನ್ನ ಇನ್ನೊಂದ್ಸಲ ಹಾಕಿ.”

ಡ್ರೈವರ್ ಅಪ್ಪಣೆಗಾಗಿ ಸಾಹೇಬರ ಮುಖ ನೋಡಿದ. ಸಾಹೇಬರು ಕೂತರು, ಕೈಚಾಚಿ ತಾವೇ ಗುಂಡಿ ಒತ್ತಿದರು.